ಮೂರನೇ ಗುಂಡಿಯ ಮಣ್ಣು

"ಲೇ ಮಂಚ, ಸೂಳೆಮಗನೆ, ಕೈಗೇನು ಲಕ್ವ ಹೊಡದದಾ? ಎತ್ಲಾ ಬುಟ್ಟಿಯ!"

ಮೇಸ್ತ್ರಿ ಕಂಠಪ್ಪ ಮೂರನೇ ಗುಂಡಿಯ ದಡದ ಮೇಲೆ ನಿಂತು ಕೂಗುತ್ತಿದ್ದ. ಕೆಳಗೆ ಮೊಣಕಾಲುಮಟ್ಟ ಕೆಸರಿನಲ್ಲಿ ನಿಂತಿದ್ದ ಮಂಚಯ್ಯ ತುಂಬಿದ ಬುಟ್ಟಿಯ ಅಂಚಿಗೆ ಬೆರಳು ಸಿಕ್ಕಿಸಿ ಎತ್ತಲು ನೋಡಿದ. ತೋಳು ಮೇಲೆ ಬಂತು; ಅಂಗೈ ಬರಲಿಲ್ಲ. ಮಣಿಕಟ್ಟಿನಿಂದ ಆಚೆಗೆ ಎರಡೂ ಕೈ ಕತ್ತು ಮುರಿದ ಕೋಳಿಯ ತಲೆಯ ಹಾಗೆ ಜೋತುಬಿದ್ದವು. ಬುಟ್ಟಿ ಮಗುಚಿಕೊಂಡು ಕೆಸರು ಅವನ ಎದೆಗೂ ಮುಖಕ್ಕೂ ಹಾರಿತು.

"ಒಂದು ವಾರದಿಂದ ಇದೇ ಆಟ ನಿಂದು."

"ಆಟ ಅಲ್ಲ ಬುದ್ಧಿ. ಎತ್ತು ಅಂತೀನಿ, ಕೈ ಕೇಳಾಕಿಲ್ಲ."

"ಹೆಂಡದ ಬುರುಡೆ ಎತ್ತೋವಾಗ ಮಾತ್ರ ಕೇಳ್ತದಾ?"

ತಲೆಗೆ ಸಿಂಬೆ ಇಟ್ಟುಕೊಂಡು ಬುಟ್ಟಿಗೆ ಕಾದಿದ್ದ ಹೆಂಗಸರು ತಲೆ ತಗ್ಗಿಸಿದರು. ಅವರ ನಡುವೆ ಇದ್ದ ಮಂಚಯ್ಯನ ಹೆಂಡತಿ ರಾಚಮ್ಮ ಮಾತ್ರ ತಗ್ಗಿಸಲಿಲ್ಲ. ಎಂಟು ದಿನದಿಂದ ಗಂಡನಿಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದವಳು ಅವಳೇ. ಸಿಂಬೆ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು, ಸೀರೆ ಮೇಲೆ ಕಟ್ಟಿದಳು, ಯಾರ ಅಪ್ಪಣೆಯನ್ನೂ ಕೇಳದೆ ಗುಂಡಿಗೆ ಇಳಿದಳು. ಬುಟ್ಟಿ ನೆಟ್ಟಗೆ ಮಾಡಿ, ಕೆಸರು ಬಾಚಿ ತುಂಬಿ, ತಾನೇ ಎತ್ತಿ ದಡಕ್ಕಿಟ್ಟಳು.

"ಅಂಗೇ ಇರು," ಎಂದ ಕಂಠಪ್ಪ. "ನಾಳೆಯಿಂದ ನೀನೇ ಇಳಿ. ಕೈ ಇಲ್ದೋನಿಗೆ ಇಲ್ಲೇನು ಕೆಲಸ?"

ಹುಣಸೂರಿನಿಂದ ಮೂರು ಮೈಲಿಯಲ್ಲಿ, ಹನಗೋಡು ಕಟ್ಟೆಯ ಕಾಲುವೆ ತಿರುಗುವ ಕಡೆ, ಎರಡನೇ ಮಹಾಯುದ್ಧ ಶುರುವಾದ ಮಾರನೇ ವರ್ಷ, ಈ ಗುಂಡಿಗಳ ಪಕ್ಕದ ಷೆಡ್ಡು ಎದ್ದಿತ್ತು. ಮೈಸೂರಿನ ಸಾಹುಕಾರರೊಬ್ಬರದು. ಮಿಲಿಟರಿಯವರು ಬಿಸಾಕಿದ ಹಳೆ ಸಾಮಾನು ಲಾರಿಯಲ್ಲಿ ಬರುತ್ತಿತ್ತು: ಸುಟ್ಟ ತೋಟಾದ ಹಿತ್ತಾಳೆ ಕೊಳವೆ, ಲಾರಿಗಳ ಸತ್ತ ಬ್ಯಾಟರಿ. ಹಿತ್ತಾಳೆಯನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ತೊಳೆದ ನೀರು ನವಿಲುಗರಿಯ ಬಣ್ಣದಲ್ಲಿ ಹರಿದು ಕಾಲುವೆ ಸೇರುತ್ತಿತ್ತು. ಆ ವರ್ಷ ಪಟೇಲ ಷಣ್ಮುಖಪ್ಪನವರ ಹನ್ನೆರಡು ಎಕರೆ ಬತ್ತ ಹೊಡೆ ಬರುವ ಮೊದಲೇ ಅರಿಸಿನವಾಗಿ ನೆಲಕ್ಕೊರಗಿತು. ಗದ್ದೆ ಬದುವಿನಲ್ಲಿ ನೀರು ಕುಡಿದ ಜೋಡೆತ್ತು ಸತ್ತವು. ಸತ್ತ ಎತ್ತುಗಳನ್ನು ಎಳೆದುಕೊಂಡು ಹೋಗಿದ್ದು ಮಂಚಯ್ಯನೇ.

ಪಟೇಲರು ಸುಮ್ಮನಿರುವ ಆಸಾಮಿಯಲ್ಲ. ಸರ್ಕಾರಕ್ಕೆ ಅರ್ಜಿ ಹೋಯಿತು. ಗಾಜಿನ ಸೀಸೆಗಳ ಪೆಟ್ಟಿಗೆ ಹೊತ್ತು ಮೈಸೂರಿನಿಂದ ಒಬ್ಬ ರಾಯರು ಬಂದರು. ಕೇರಿಯವರು ಅವರಿಗೆ ಸೀಸೆ ರಾಯರು ಎಂದೇ ಹೆಸರಿಟ್ಟರು. ನೀರಿನಲ್ಲಿ ತಾಮ್ರ ಇದೆ, ಸೀಸ ಇದೆ, ತೆಗೆಯಬಹುದು ಎಂದ ರಾಯರು ಮೂರು ಗುಂಡಿ ತೋಡಿಸಿದರು. ಮೊದಲನೆಯದರಲ್ಲಿ ಲಾಳ, ಮೊಳೆ, ಮುರಿದ ಗುದ್ದಲಿ, ಏನು ಹಳೆ ಕಬ್ಬಿಣ ಸಿಕ್ಕಿತೋ ಅದು. ನೀಲಿ ನೀರು ನಿಂತರೆ ತಾಮ್ರ ಬಂದು ಕಬ್ಬಿಣಕ್ಕೆ ಕೆಂಪಗೆ ಅಂಟಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಸುಣ್ಣ ಕಲಕಬೇಕು. ಮೂರನೆಯದರಲ್ಲಿ ನೀರು ಅಲುಗದೆ ನಿಂತು, ಉಳಿದ ವಿಷವೆಲ್ಲ ಗಸಿಯಾಗಿ ತಳ ಸೇರುತ್ತಿತ್ತು. ಮೇಲಿನ ತಿಳಿನೀರು ಮಾತ್ರ ಕಾಲುವೆಗೆ.

ಮಾರನೇ ವರ್ಷ ಪಟೇಲರ ಬತ್ತ ಹಸಿರಾಗಿ ನಿಂತಿತು.

ಸುಣ್ಣ ಕಲಕಿದವರು, ಕಬ್ಬಿಣ ಕೆರೆದವರು, ಗಸಿ ಬಾಚಿದವರು ಹೊಲಗೇರಿಯವರು. ಕೇರಿಯ ಮನೆಗಳ ಅಡಿಯ ನೆಲ ಪಟೇಲರದ್ದು. ಕರೆದ ಕಡೆ ಹೋಗದಿದ್ದರೆ ಗುಡಿಸಲು ಕಿತ್ತುಕೊಂಡು ಹೋಗಬೇಕು. ಮೊದಲನೇ ಗುಂಡಿಯ ತಾಮ್ರಕ್ಕೆ ಚೀಲ, ಬೀಗ, ಕಾವಲು ಇತ್ತು. ಮೂರನೆಯದರ ಬೂದು ಗಸಿ ಯಾರಿಗೂ ಬೇಕಿರಲಿಲ್ಲ. ಅದನ್ನು ಎಲ್ಲಿ ಸುರಿಯೋಣ ಎಂದು ಕಂಠಪ್ಪ ಕೇಳಿದಾಗ ಪಟೇಲರು ಛತ್ರಿ ಎತ್ತಿ ತೋರಿಸಿದ್ದರು: "ಹೊಲಗೇರಿ ಹಿಂದೆ ಹಳ್ಳ ಅದಲ್ಲ, ಅಲ್ಲಿಗಾಕ್ಸು."

ಆ ಹಳ್ಳದಿಂದ ಕೇರಿಯ ಬಾವಿಗೆ ಹದಿನೈದು ಹೆಜ್ಜೆ.

ಕೆಲಸ ಹೋದ ದಿನ ಮಂಚಯ್ಯ ಹೆಂಡತಿಯ ಹಿಂದೆ ಕಾಲುವೆ ಏರಿಯ ಮೇಲೆ ಮನೆಗೆ ಹೊರಟಿದ್ದ. ಎದುರಿಗೆ ಪಟೇಲರು ಬಂದರು. ಗಂಡ ಹೆಂಡತಿ ಏರಿ ಬಿಟ್ಟು ಕೆಳಗಿಳಿದು ನಿಂತರು. ರಾಚಮ್ಮ ಕೈ ಮುಗಿದಳು. ಮಂಚಯ್ಯ ತೋಳು ಎತ್ತಿದ. ಅಂಗೈಗಳು ಎದೆಯ ಮುಂದೆ ನೆಲ ನೋಡುತ್ತ ತೂಗಾಡಿದವು.

ಪಟೇಲರು ನಿಂತರು. "ಏನ್ಲಾ ಅದು, ನನ್ನ ಅಣಕಿಸ್ತೀಯಾ?"

"ಇಲ್ಲ ಬುದ್ಧಿ, ಕೈಗೆ ಸತುವಿಲ್ಲ..."

"ಷೆಡ್ಡಿನ ಕಾಸು ಕಂಡು ಕೊಬ್ಬು ಬಂದದೆ ನಿಮಗೆ. ಕೈ ಮುಗಿಯಾಕೂ ಆಗಾಕಿಲ್ವಾ ಬೋಳಿಮಗನೆ?" ಛತ್ರಿಯ ಹಿಡಿ ಮಂಚಯ್ಯನ ಹೆಗಲ ಮೇಲೆ ಬಿತ್ತು. ಇನ್ನೊಂದು ಸಲ ಕಿವಿಯ ಮೇಲೆ. ಅವನು ಅಡ್ಡ ಹಿಡಿಯಲು ತೋಳು ಎತ್ತಿದಷ್ಟೂ ಆ ಕೈಗಳು ಗೇಲಿ ಮಾಡಿದಂತೆ ಕುಣಿದವು. ಕುಣಿದಷ್ಟೂ ಏಟು ಬಿದ್ದವು.

ರಾಚಮ್ಮ ಗಂಡನ ಎರಡೂ ಕೈ ಹಿಡಿದು, ಅಂಗೈಗೆ ಅಂಗೈ ಸೇರಿಸಿ, ತನ್ನ ಕೈಗಳ ನಡುವೆ ಬಿಗಿಯಾಗಿ ಒತ್ತಿ ಹಿಡಿದಳು. "ಮುಗಿದವನೆ ಬುದ್ಧಿ. ನೋಡ್ಕಳಿ, ಮುಗಿದವನೆ."

ಪಟೇಲರು ಛತ್ರಿಯ ಹಿಡಿಯನ್ನು ಕಾಲುವೆ ನೀರಿನಲ್ಲಿ ತೊಳೆದುಕೊಂಡು ಮುಂದೆ ಹೋದರು. ಆ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು.

ಮನೆ ಸೇರಿದ ಮಂಚಯ್ಯ ಜಗುಲಿಯ ಮೇಲೆ ಕೂತು, "ಕೈ ಬುಟ್ಬುಡು, ರಾಚಿ," ಎಂದ. ಅವಳು ಇನ್ನೂ ಹಿಡಿದೇ ಇದ್ದಳು.

ಹಿಂಗಾರು ಮಳೆ ಬಿದ್ದ ಮೇಲೆ ಕೇರಿಯ ಬಾವಿನೀರು ರುಚಿ ಬದಲಾಯಿತು. ಮೊದಲು ನಾಲಗೆಯ ತುದಿಗೆ ಕಾಸು ನೆಕ್ಕಿದ ಹಾಗೆ ಒಗರು, ಆಮೇಲೆ ಸಿಹಿ. ಹೊಟ್ಟೆ ಹಿಂಡುವ ನೋವು ಮನೆಯಿಂದ ಮನೆಗೆ ಹರಡಿತು. ದನದ ಆಳುಗಳು ಗದ್ದೆಯಲ್ಲೇ ಹೊಟ್ಟೆ ಹಿಡಿದು ಉರುಳಿದರು. ಮಾರಿಗೆ ಕೋಳಿ ಕೊಯ್ದಾಯಿತು, ಕುರಿ ಕೊಯ್ದಾಯಿತು. ಪಕ್ಕದ ಮನೆಯ ಚಿಕ್ಕಬೀರಮ್ಮನಿಗೆ ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬಸಿರು ಇಳಿದುಹೋಯಿತು. ಅದೇ ತಿಂಗಳು ಇನ್ನಿಬ್ಬರದೂ ಹೋಯಿತು. ಹೂಳಿ ಬಂದ ದಿನ ಚಿಕ್ಕಬೀರಮ್ಮ ರಾಚಮ್ಮನನ್ನು ಕೇಳಿದಳು: "ಅಕ್ಕ, ನಾವು ಒತ್ಕಂಡೋಗಿ ಸುರೀತೀವಲ್ಲ, ಆ ಮಣ್ಣು ನೀರಿಗೆ ಇಳೀತಾ ಇರಬೈದಾ?"

ರಾಚಮ್ಮನೂ ಅದನ್ನೇ ಯೋಚಿಸುತ್ತಿದ್ದಳು. ಅವಳ ಬುಟ್ಟಿಯೇ ಎಷ್ಟು ನೂರು ಅಲ್ಲಿ ಬಿದ್ದಿತ್ತೋ.

ಕೊಯಿಲಿಗೆ ಮೊದಲು ಸೀಸೆ ರಾಯರು ಮತ್ತೆ ಬಂದರು. ಪಟೇಲರು, ಕಂಠಪ್ಪ, ಷೆಡ್ಡಿನ ಗುಮಾಸ್ತ ಎಲ್ಲರೂ ಕಾಲುವೆ ತೂಬಿನ ಹತ್ತಿರ ನಿಂತರು. ರಾಯರು ಸೀಸೆಗೆ ನೀರು ತುಂಬಿ, ಏನೋ ತೊಟ್ಟು ಹಾಕಿ, ಬಿಸಿಲಿಗೆ ಹಿಡಿದು ನೋಡಿದರು. ಬಣ್ಣ ಬರಲಿಲ್ಲ.

"ಫಸ್ಟ್ ಕ್ಲಾಸ್, ಪಟೇಲರೇ. ಇದನ್ನ ಕುಡೀಬಹುದು ಬೇಕಾದರೆ."

ರಾಚಮ್ಮ ಇಪ್ಪತ್ತು ಮಾರು ದೂರದಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. "ಸ್ವಾಮಿ, ಇದನ್ನೂ ಒಸಿ ನೋಡ್ಬುಡಿ. ನಮ್ಮ ಕೇರಿ ಬಾವೀದು."

"ಏ ರಾಚಿ! ಹಿಂದಕ್ಕೋಗೇ!" ಕಂಠಪ್ಪ ಕಲ್ಲು ಎತ್ತಿಕೊಂಡ.

ರಾಯರು ಕೈಯಾಡಿಸಿ ಅವನನ್ನು ತಡೆದರು. ಕೆಟ್ಟ ಮನುಷ್ಯನಲ್ಲ. ನಾಲ್ಕು ಹೆಜ್ಜೆ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, "ಬಾಯಿ ತೆಗಿಯಮ್ಮ. ವಸಡು ತೋರಿಸು," ಎಂದರು. ಅವಳು ತುಟಿ ಎತ್ತಿದಳು. ಹಲ್ಲಿನ ಬುಡದಲ್ಲಿ ಮಸಿಯಲ್ಲಿ ಎಳೆದಂತೆ ನೀಲಿ ಗೆರೆ ಇತ್ತು. ರಾಯರ ಕೈ ಪೆಟ್ಟಿಗೆಯ ಚಿಲಕದ ಮೇಲೆ ಹೋಯಿತು.

"ಊಟ ಆರ್ತದೆ, ರಾಯರೇ," ಎಂದರು ಪಟೇಲರು. "ನಿಮಗೆ ಅಂತ ಬೇರೆ ಅಡಿಗೆಯೋರನ್ನೇ ಕರೆಸಿವ್ನಿ."

ಕೈ ಚಿಲಕದಿಂದ ಹಿಂದೆ ಬಂತು. "ನನಗೆ ಹುಕುಂ ಇರೋದು ಕಾಲುವೆ ನೀರಿಗೆ ಮಾತ್ರ ಕಣಮ್ಮ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಸೀಸ ಹತ್ತಿದೆ ನಿಮಗೆ. ಆ ಬಾವಿನೀರು ಕುಡೀಬೇಡಿ."

"ಇನ್ಯಾವುದು ಕುಡಿಯೋವ ಸ್ವಾಮಿ?"

ರಾಯರು ಅತ್ತ ಇತ್ತ ನೋಡಿದರು. ಎದುರಿನ ಕಾಲುವೆಗೆ ಹೊಲಗೇರಿಯವರು ಬಿಂದಿಗೆ ಅದ್ದುವಂತಿಲ್ಲ. ಎರಡು ಮೈಲಿ ಆಚೆ ಹೊಳೆ. ಬೇಸಿಗೆ ಬಂದರೆ ಬರೀ ಮರಳು. ಮೇಲೂರಿನ ನಡುವೆ, ಬಸವಣ್ಣನ ಗುಡಿಯ ಮುಂದೆ, ಕಲ್ಲು ಕಟ್ಟಿದ ಸಿಹಿನೀರ ಬಾವಿ. ಅದರ ಹತ್ತಿರ ಹೊಲಗೇರಿಯವರ ನೆರಳು ಹಾಯುವಂತಿಲ್ಲ. ರಾಯರು ಪೆಟ್ಟಿಗೆ ಎತ್ತಿಕೊಂಡು ಊಟಕ್ಕೆ ಹೋದರು.

ಸುಗ್ಗಿಯವರೆಗೆ ಕೇರಿಯ ಹೆಂಗಸರು ಪಟೇಲರ ಗದ್ದೆಯ ಕೆಳಗಿನ ಬಸಿನೀರನ್ನು ಸೋಸಿ ತಂದರು. ಸುಗ್ಗಿ ಮುಗಿಯಿತು. ಕಾಲುವೆಯ ತೂಬು ಮುಚ್ಚಿದರು. ಬಸಿನೀರೂ ನಿಂತಿತು. ಮತ್ತೆ ಎಲ್ಲರ ಹಗ್ಗ ಕೇರಿಯ ಬಾವಿಗೇ ಇಳಿಯಿತು. ಗೊತ್ತಿದ್ದೂ ಇಳಿಯಿತು.

ಮಹದೇವಯ್ಯ ಎಂಬ ಮುದುಕ, ಕೇರಿಯ ಯಜಮಾನ, ಪಟೇಲರ ಬಾಗಿಲಿಗೆ ಹೋಗಿ ಅಡ್ಡಬಿದ್ದ. ಆ ಮಣ್ಣನ್ನು ಬೇರೆ ಕಡೆ ಸುರಿಸಿ ಬುದ್ಧಿ, ಎಂದ. "ಎಲ್ಲಿಗೆ ಸುರಿಸ್ಲಾ? ನನ್ನ ಗದ್ದೆಗಾ?" ಎಂದರು ಪಟೇಲರು. ಮುದುಕ ಬಂದು ಅದನ್ನೇ ಕೇರಿಗೆ ಹೇಳಿದ.

ಷೆಡ್ಡು ಮಾತ್ರ ನಿಲ್ಲಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ರಾಚಮ್ಮ ಗಸಿ ಹೊತ್ತು ಹಳ್ಳದ ಕಡೆ ಬರುತ್ತಿದ್ದಳು. ಬಾವಿಯ ಹತ್ತಿರ ಚಿಕ್ಕಬೀರಮ್ಮ ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಸೇದುತ್ತಿದ್ದಳು. ಸೇದಿ, ಬಗ್ಗಿ, ಕಕ್ಕಿದಳು. ಬಾಯಿ ಮುಕ್ಕಳಿಸಲು ಅದೇ ನೀರನ್ನು ಮೊಗೆದಳು.

ರಾಚಮ್ಮನಿಗೆ ಹದಿನೈದು ಹೆಜ್ಜೆ ಉಳಿದಿತ್ತು. ಕಾಲು ಮುಂದೆ ಹೋಗಲಿಲ್ಲ. ತಲೆಯ ಮೇಲಿನ ಬುಟ್ಟಿ ಹಾಗೇ ಇತ್ತು. ಅವಳು ತಿರುಗಿದಳು.

"ಬೀರಿ, ಬಿಂದಿಗೆ ಚೆಲ್ಲಿ ಖಾಲಿ ಮಾಡು. ಎಲ್ಲಾರ್ಗೂ ಹೇಳು, ಖಾಲಿ ಬಿಂದಿಗೆ ತಕ್ಕಂಡು ನನ್ನ ಹಿಂದೆ ಬರ್ಲಿ."

"ಎಲ್ಲಿಗಕ್ಕ?"

"ಒಳ್ಳೆ ನೀರು ಇರೋ ಕಡೀಕೆ."

ಬಸವಣ್ಣನ ಗುಡಿಯ ಮುಂದೆ ಆಗ ನೀರು ಸೇದುವ ಹೊತ್ತು. ಪಟೇಲರ ಅತ್ತಿಗೆ ಶಿವರುದ್ರಮ್ಮನೇ ಮೊದಲು ನೋಡಿದ್ದು. "ಅಯ್ಯೋ ಶಿವನೇ! ಎತ್ತ ಬತ್ತಾ ಇದೀಯೇ? ನಿಲ್ಲೇ, ನಿಲ್ಲು!" ಕೊಡ, ಹಗ್ಗ ಬಿಟ್ಟು ಹಿಂದಕ್ಕೆ ಸರಿದಳು. ಉಳಿದ ಹೆಂಗಸರೂ ಸರಿದರು. ಮೈಗೆ ಮೈ ತಾಕೀತೆಂದು ಯಾರೂ ಅಡ್ಡ ಬರಲಿಲ್ಲ. ರಾಚಮ್ಮ ನೇರವಾಗಿ ಹೋಗಿ ಬಾವಿಯ ಕಟ್ಟೆ ಹತ್ತಿ ಕೂತಳು, ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ. ಬುಟ್ಟಿ ಇಳಿಸಿ ಒಳಗಿನ ತೊಡೆಯ ಮೇಲಿಟ್ಟುಕೊಂಡಳು.

ಕೂಗು ಎದ್ದಿತು. ಗಂಡಸರು ದೊಣ್ಣೆ ಹಿಡಿದು ಬಂದರು. ಪಟೇಲರು ಲಿಂಗಪೂಜೆಯ ಒದ್ದೆ ಪಂಚೆಯಲ್ಲೇ ಓಡಿಬಂದರು. ಹಿಂದೆಯೇ ಕಂಠಪ್ಪ.

"ಎಳದಾಕ್ರೋ ಆ ಮುಂಡೇನ!"

"ಹತ್ರ ಬಂದ್ರೆ ಬುಟ್ಟಿ ಬಾವಿಗೆ," ಎಂದಳು ರಾಚಮ್ಮ. ಕೂಗಲಿಲ್ಲ. "ಇದು ಮೂರನೇ ಗುಂಡಿ ಮಣ್ಣು. ಕಂಠಪ್ಪನೋರನ್ನ ಕೇಳಿ, ಇದ್ರಾಗೆ ಏನದೆ ಅಂತ."

ಎಲ್ಲರೂ ಕಂಠಪ್ಪನ ಕಡೆ ನೋಡಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟು ಸಾಕಾಯಿತು. ದೊಣ್ಣೆಗಳು ಇದ್ದಲ್ಲೇ ನಿಂತವು.

"ಏನೇ ಬೇಕು ನಿನಗೆ?" ಪಟೇಲರ ದನಿ ಇಳಿದಿತ್ತು.

"ಹಳ್ಳದಾಗೆ ಆಕ್ಸಿರೋ ಮಣ್ಣ ಎತ್ಸಿ ಬುದ್ಧಿ. ನಮಗೊಂದು ಬಾವಿ ತೋಡ್ಸಿ. ಅಲ್ಲಿಗಂಟ ಇಲ್ಲೇ ಸೇದ್ಕತೀವಿ."

"ಹೊಲೇರು ಸೇದಿದ ಬಾವಿ ನೀರ ನಾವು ಕುಡಿಯಾದಾ?"

"ನಾವು ತೊಳೆದ ನೀರಾಗೆ ಬೆಳೆದ ಅನ್ನ ಉಣ್ತಾ ಇಲ್ವಾ?"

ಅಷ್ಟರಲ್ಲಿ ಖಾಲಿ ಬಿಂದಿಗೆ ಹಿಡಿದು ಬಂದಿದ್ದ ಕೇರಿಯ ಹೆಂಗಸರ ನಡುವಿನಿಂದ ಚಿಕ್ಕಬೀರಮ್ಮ ಮುಂದೆ ಬಂದಳು. ಶಿವರುದ್ರಮ್ಮ ಬಿಟ್ಟು ಹೋಗಿದ್ದ ಹಗ್ಗ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಆ ಬಾವಿಯ ಒಳಗನ್ನು ಅವಳು ನೋಡಿರಲಿಲ್ಲ. ಒಂದು ಸಲ ಬಗ್ಗಿ ನೋಡಿ, ಸೇದಿದಳು. ಒಂದು ಬಿಂದಿಗೆ, ಎರಡು, ಏಳು. ಇಡೀ ಮೇಲೂರು ನಿಂತು ನೋಡಿತು. ಕೇರಿಯ ಹೆಂಗಸರು ಒಬ್ಬರ ಹಿಂದೊಬ್ಬರು ತುಂಬಿಕೊಂಡು ಇಳಿದು ಹೋದರು. ದಾರಿಯಲ್ಲೇ ಒಬ್ಬಳು ತಡೆಯಲಾರದೆ ಬಿಂದಿಗೆ ಬಗ್ಗಿಸಿ ಕುಡಿದಳು.

ಚಿಕ್ಕಬೀರಮ್ಮ ಕೊನೆಗೆ ಉಳಿದಳು. "ತುಂಬ್ತು ಕಣಕ್ಕ. ಬಾ, ಇಳಿ, ಓಗಮ."

"ನೀ ನಡಿ. ನಮ್ಮನೇಲಿ ಅವನಿಗೆ ಒಸಿ ನೀರು ಕುಡ್ಸು. ಬಾಯಿಗೆ ನೀನೇ ಇಡಬೇಕು."

"ನೀನು?"

"ನಾ ಇಳಿದ್ರೆ ನಾಳೀಕೆ ಯಾರು ಬುಡ್ತಾರೆ ನಿಮ್ಮ?"

ಚಿಕ್ಕಬೀರಮ್ಮ ಹೋದಳು. ಪಟೇಲರು ಆಗಲೇ ಹುಣಸೂರಿನ ಪೊಲೀಸರಿಗೆ ಆಳು ಓಡಿಸಿದ್ದರು. ಬಿಸಿಲು ಏರಿತು. ಬುಟ್ಟಿಯ ಗಸಿ ಒಣಗುತ್ತ ಬಂತು. ಮೇಲೂರಿನ ಮಕ್ಕಳು ಗುಡಿಯ ಜಗುಲಿಯಿಂದ ಇಣುಕುತ್ತಿದ್ದವು. ಒಂದು ಕೂಸು ನೀರು ನೀರು ಎಂದು ಅಳುತ್ತಿತ್ತು, ತಾಯಿ ಅದರ ಬಾಯಿ ಮುಚ್ಚಿದಳು. ರಾಚಮ್ಮ ಅದನ್ನು ನೋಡಿದಳು. ಈ ಬುಟ್ಟಿಯನ್ನು ತಾನು ಚೆಲ್ಲುವವಳಲ್ಲ ಎಂಬುದು ಕಟ್ಟೆ ಹತ್ತುವಾಗಲೇ ಅವಳಿಗೆ ಗೊತ್ತಿತ್ತು. ಅದು ಎದುರಿಗಿದ್ದವರಿಗೆ ಗೊತ್ತಾಗದಿದ್ದರೆ ಸಾಕಿತ್ತು.

ಗುಡಿಯ ಕಡೆಯಿಂದ ಗಾಳಿ ಎದ್ದಿತು. ಗಸಿಯ ಮೇಲ್ಪದರ ಬಿರಿದು ಬೂದಿಯಾಗಿ ಮೇಲೇಳತೊಡಗಿತು. ಅದು ನೀರಿಗೆ ಬೀಳದಂತೆ ಅವಳು ಬಾವಿಗೆ ಬೆನ್ನು ಅಡ್ಡ ಮಾಡಿ, ಸೆರಗು ಬಿಚ್ಚಿ ಬುಟ್ಟಿಯ ಮೇಲೆ ಹೊದಿಸಿ, ಎದೆಗೆ ಒತ್ತಿ ಹಿಡಿದುಕೊಂಡಳು. ಸೆರಗು ಬಿಚ್ಚಿದ್ದು ಕಂಡು, "ಚೆಲ್ಲಿಬುಡ್ತಾಳೆ, ಚೆಲ್ಲಿಬುಡ್ತಾಳೆ!" ಎಂದು ಜನ ಇನ್ನೂ ಹಿಂದಕ್ಕೆ ಓಡಿದರು. ಊರ ಬಾಗಿಲಲ್ಲಿ ಪೊಲೀಸರ ಎರಡು ಕೆಂಪು ರುಮಾಲು ಕಾಣಿಸಿಕೊಂಡವು.