ಇಪ್ಪತ್ತೊಂದನೇ ಮೋದಕ

ಗಣಪತಿಯ ಮುಂದಿನ ತಾಟಿನಲ್ಲಿ ಇಪ್ಪತ್ತೊಂದು ಮೋದಕ ಇರಬೇಕಿತ್ತು. ಇದ್ದದ್ದು ಇಪ್ಪತ್ತು. ಇನ್ನೊಂದು ರೇಣುವಿನ ಹೊಟ್ಟೆಯಲ್ಲಿತ್ತು.

ಅವುಗಳನ್ನು ಬೆಳಗಿನ ಆರರಿಂದ ನಿಂತು ಬೇಯಿಸಿದವಳು ಅವಳೇ. ಆರತಿಯಾಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಆರತಿ ಎತ್ತಬೇಕಾದ, ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಕೃಷ್ಣಾಜಿಯವರು ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಇನ್ನೈದೇ ನಿಮಿಷ ಎಂದು ಹನ್ನೊಂದು ಗಂಟೆಯಿಂದ ಹೇಳುತ್ತಲೇ ಇದ್ದರು. ಎರಡು ಗಂಟೆಗೆ ರೇಣುವಿನ ಕಣ್ಣಿಗೆ ಕತ್ತಲೆ ಕವಿಯಿತು.

ಕದ್ದವರ ಗೇಟ್ ಪಾಸ್ ಅಂದೇ ರದ್ದು ಎನ್ನುವುದು ಸೊಸೈಟಿಯ ನಿಯಮ. ಪಾಸ್ ಹೋದರೆ ಅವಳ ಮೂರು ಮನೆಯ ಅಡುಗೆ ಕೆಲಸವೂ ಹೋದಂತೆಯೇ.

ಅಧ್ಯಕ್ಷ ರಾಮಲಿಂಗಪ್ಪನವರು ವಿಚಾರಣೆಗೆ ಕೂತರು. ಆದರೆ ಐದನೇ ಮಹಡಿಯ ವಿನೀತ ತಡೆದಳು. ಅವಳು ಅಪರಾಧಿಗಳ ಮನಸ್ಸಿನ ಬಗ್ಗೆ ಆರು ವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದ್ದಳು. ಯಾರು ಕದ್ದರೆಂದು ಕೇಳುವುದು ಹಳೇ ಪದ್ಧತಿ, ಯಾಕೆ ಕದ್ದರೆಂದು ಕೇಳಬೇಕು, ಬಾಲ್ಯದಲ್ಲಿ ನೊಂದ ಮನಸ್ಸೇ ಮುಂದೆ ಕೈ ಚಾಚುತ್ತದೆ ಎಂದು ವಿವರಿಸಿದಳು.

ರೇಣುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

“ನಾನೇ ತಿಂದೀನ್ರಿ ಅಕ್ಕಾರ. ಭಾಳ ಹಸಿವಾಗಿತ್ತು.”

ವಿನೀತ ಕನಿಕರದಿಂದ ನಕ್ಕಳು. “ಹಸಿವು ಬರೀ ಸರ್ಫೇಸ್, ರೇಣು. ಅದರ ಒಳಗೇನಿದೆ ಹೇಳು. ಅಪ್ಪ ಹೊಡೀತಿದ್ರಾ?”

“ಇಲ್ರಿ. ಹೆಗಲ ಮ್ಯಾಲೆ ಕುಂದರಿಸ್ಕೊಂಡು ಸಂತಿಗೆ ಒಯ್ತಿದ್ರು.”

ಅವ್ವನೂ ಮುದ್ದು ಮಾಡಿಯೇ ಬೆಳೆಸಿದ್ದಳು. ಶಾಲೆ ಬಿಟ್ಟಾಗಲೂ ಗಣಿತ ತಪ್ಪಿತೆಂದು ರೇಣುವಿಗೆ ಖುಷಿಯೇ ಆಗಿತ್ತು. ವಿನೀತ ನೋಟ್‌ಬುಕ್ ಮುಚ್ಚಿದಳು. ಇಂಥ ಬಾಲ್ಯದಿಂದ ಕಳ್ಳತನ ಹುಟ್ಟುವುದು ಸಾಧ್ಯವೇ ಇಲ್ಲವಂತೆ.

ಅಷ್ಟರಲ್ಲಿ ರಾಮಲಿಂಗಪ್ಪನವರು ಕೂತಲ್ಲಿಂದ ಎದ್ದರು. ಎಂಟು ವರ್ಷದವರಿದ್ದಾಗ ಅಣ್ಣ ಇವರ ಪಾಲಿನ ಕಡಬು ಕಸಿದು ತಿಂದದ್ದು ಈಗ ನೆನಪಾಗಿತ್ತು.

“ಹಂಗಾರ ನಾನೇ ತಿಂದಿರಬೇಕು ನೋಡ್ರಿ,” ಎಂದು ಕಣ್ಣೊರೆಸಿಕೊಂಡರು.

ನೆರೆದವರು ಚಪ್ಪಾಳೆ ತಟ್ಟಿದರು. ಇದನ್ನು ಅವರ ಪಕ್ಕದ ಫ್ಲ್ಯಾಟಿನ ಪಂಕಜಾಕ್ಷಿಗೆ ಸಹಿಸಲಾಗಲಿಲ್ಲ. ಸಕ್ಕರೆ ಕಾಯಿಲೆಯ ಆಕೆ, ತಾನು ಪರರ ಮನೆಯಲ್ಲಿ ಬೆಳೆದವಳು, ತನ್ನ ನೋವು ಇದಕ್ಕಿಂತ ದೊಡ್ಡದು, ಮೋದಕ ತಿಂದದ್ದು ತಾನೇ ಎಂದು ಜಗಳಕ್ಕೆ ನಿಂತಳು. ಕೃಷ್ಣಾಜಿಯವರು ಟ್ರಾಫಿಕ್ಕಿನಿಂದಲೇ ಫೋನ್ ಮಾಡಿ, ತಮಗೂ ಮಲತಾಯಿ ಇದ್ದದ್ದನ್ನು ಮರೆಯಬೇಡಿ ಎಂದರು.

ಒಂದು ಮೋದಕಕ್ಕೆ ಮೂವರು ಕಳ್ಳರಾದರು. ರೇಣುವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೈ ಎತ್ತಿಸಿ ನೋಡಿದಾಗ ರಾಮಲಿಂಗಪ್ಪನವರು ಎರಡು ಮತಗಳಿಂದ ಗೆದ್ದರು. ಅವರಿಗೆ ಶಾಲು ಹೊದಿಸಿದರು. ಫ್ಲ್ಯಾಟಿನ ಮಾಲೀಕರಿಗೆ ಗೇಟ್ ಪಾಸ್ ಇರುವುದಿಲ್ಲವಾದ್ದರಿಂದ ರದ್ದು ಮಾಡಲು ಏನೂ ಸಿಗಲಿಲ್ಲ.

ರೇಣುವಿನ ಪಾಸ್ ಉಳಿಯಿತು, ಆದರೆ ಒಂದು ಷರತ್ತಿನ ಮೇಲೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ದೊಡ್ಡ ಕಾಯಿಲೆ, ಹಾಗಾಗಿ ಅದು ವಾಸಿಯಾಗುವವರೆಗೆ ಪ್ರತಿ ಗುರುವಾರ ಅವಳು ವಿನೀತಳ ಸೋಫಾದ ಮೇಲೆ ಕೂತು ಮನಸ್ಸು ಬಿಚ್ಚಬೇಕು.

ಮೊದಲ ಗುರುವಾರ ವಿನೀತ ಅವಳ ಮುಂದೆ ಒಂದು ಖಾಲಿ ತಾಟು ಇಟ್ಟಳು. ಅಂಚಿಗೆ ಮಧ್ಯಾಹ್ನದ ಅನ್ನ ಅಂಟಿ ಒಣಗಿತ್ತು. ಇದನ್ನು ನೋಡಿದರೆ ಮನಸ್ಸಿನ ಆಳದಿಂದ ಏನು ಮೇಲೆ ಬರುತ್ತದೋ ಹೆದರದೆ ಹೇಳು ಎಂದಳು.

ರೇಣು ಕೊರಳಿನ ಪಾಸನ್ನು ಮುಟ್ಟಿ ನೋಡಿಕೊಂಡಳು. ಅಪ್ಪ ಹೊಡೆಯುತ್ತಿದ್ದ ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಪಾಪ, ಅಪ್ಪ.

“ತೊಳೀಬೇಕ್ರಿ ಅನಸ್ತದ,” ಎಂದಳು.

ವಿನೀತ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ರೇಣು ತಾಟು ಎತ್ತಿಕೊಂಡು ಅಡುಗೆಮನೆಗೆ ನಡೆದಳು.