ಮೂರು ತಗ್ಗುಗಳ ಬಾಟಲಿ

ಗಿನ್ಕಾ ಚಿಕ್ಕಮ್ಮ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟು ಕೈ ಬಿಟ್ಟಳು. ಅದು ನಿಲ್ಲಲಿಲ್ಲ. ಕುಡಿದು ಮನೆಗೆ ಬಂದವನ ಹಾಗೆ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿ ಮೊಸರಿನ ಬಟ್ಟಲಿಗೆ ಒರಗಿಕೊಂಡಿತು.

"ನೋಡೇ ಜೋರ್ನಿತ್ಸಾ, ನಿನ್ನ ಮಗಳು," ಅಂದಳು. "ನಿನ್ನೆ ಸಂಜೆ ನೆಟ್ಟಗೆ ನಿಲ್ಸಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಸೊಂಟ ಮುರ್ಕೊಂಡು ಕೂತಿದ್ದಾಳೆ. ಇದನ್ನ ಮಾಡೋಕೇನಾ ನೀನು ಸೋಫಿಯಾಕ್ಕೆ ಹೋಗಿ ಅಷ್ಟೊಂದು ವರ್ಷ ಓದಿದ್ದು?"

ನಾನು ಚೀಸ್ ತುಂಬಿದ ಬನಿತ್ಸಾ ರೊಟ್ಟಿಯ ಪದರಗಳನ್ನು ಫೋರ್ಕಿನಿಂದ ಬಿಡಿಸುತ್ತ ಬಾಟಲಿಯನ್ನೇ ನೋಡಿದೆ. ಅದರ ಪ್ರತಿ ಗೆರೆಯೂ ನನ್ನದು. ಭುಜದ ಇಳಿಜಾರು, ಮೈಸುತ್ತ ಬಳೆಗಳಂತಿರುವ ಏಣುಗಳು, ತಳದ ನಕ್ಷತ್ರ. ನಮ್ಮ ಊರಿನ ನೀರಿನ ಕಾರ್ಖಾನೆ ನನಗೆ ಪೂರ್ತಿಯಾಗಿ ಬಿಟ್ಟುಕೊಟ್ಟ ಮೊದಲ ಕೆಲಸ ಅದು. ಹಳೆಯ ಬಾಟಲಿಗಿಂತ ಮೂರನೇ ಒಂದು ಪಾಲು ಹಗುರ. ಖಾಲಿ ಇದ್ದಾಗ ಅಂಗೈಯಲ್ಲಿಟ್ಟರೆ ಏನನ್ನೋ ಹಿಡಿದಿದ್ದೇನೆ ಅನ್ನಿಸುವುದಕ್ಕಿಂತ ಯಾರೋ ಮಾತನ್ನು ಅರ್ಧಕ್ಕೆ ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ನನಗೆ ಅದೇ ಇಷ್ಟವಾಗಿತ್ತು.

"ನಲ್ಲಿ ನೀರು ತುಂಬಿಸಿದ್ಯಾ?" ಎಂದು ಕೇಳಿದೆ.

"ಇನ್ನೇನು ತುಂಬಿಸ್ಲಿ, ಅತ್ತರಾ?"

ಬಾಟಲಿಯನ್ನು ಒಮ್ಮೆ ಬಳಸಿ ಎಸೆಯುವವರು ನಮ್ಮ ಊರಿನಲ್ಲಿಲ್ಲ. ಕಾರ್ಖಾನೆ ಬೆಟ್ಟದ ತಣ್ಣನೆಯ ಬುಗ್ಗೆಯ ನೀರನ್ನು ತುಂಬಿ ಮಾರುತ್ತದೆ. ಜನ ಅದನ್ನು ಬಾಯಾರಿಕೆಗೆ ಕುಡಿಯುತ್ತಾರೆ. ಆಮೇಲೆ ಖಾಲಿ ಬಾಟಲಿ ಹಿಡಿದು ಹಳೆಯ ಸ್ನಾನಗೃಹದ ಗೋಡೆಯಲ್ಲಿರುವ ಬಿಸಿನೀರಿನ ನಲ್ಲಿಗೆ ಹೋಗುತ್ತಾರೆ. ಆ ನೀರು ಹೊಟ್ಟೆಗೆ, ಕೀಲುಗಳಿಗೆ, ಮೂತ್ರಪಿಂಡದ ಕಲ್ಲಿಗೆ ಒಳ್ಳೆಯದು. ಆದರೆ ತುಂಬಿದ ಕೂಡಲೇ, ಹಬೆ ಆಡುತ್ತಿರುವಾಗಲೇ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಕು. ಇಲ್ಲದಿದ್ದರೆ ನೀರಿನ ಸತ್ವ ಹಾರಿಹೋಗುತ್ತದೆ. ಇದು ಯಾವ ವೈದ್ಯರೂ ಹೇಳಿದ್ದಲ್ಲ. ಆದರೂ ಊರಿನಲ್ಲಿ ಇದನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ.

ಬಿಸಿಯಾಗಿ ಮುಚ್ಚಿದ ನೀರು ತಣಿದಂತೆ ಕುಗ್ಗುತ್ತದೆ, ಮೇಲಿನ ಚೂರು ಗಾಳಿಯೂ ಕುಗ್ಗುತ್ತದೆ. ಹಳೆಯ ದಪ್ಪ ಬಾಟಲಿ ಹಲ್ಲು ಕಚ್ಚಿ ಆ ಒಳಸೆಳೆತವನ್ನು ತಡೆದುಕೊಳ್ಳುತ್ತಿತ್ತು. ನನ್ನ ತೆಳು ಬಾಟಲಿಗೆ ಆ ಶಕ್ತಿ ಇರಲಿಲ್ಲ. ಪ್ರಯೋಗಾಲಯದಲ್ಲಿ ನಾನು ಅದನ್ನು ಎತ್ತರದಿಂದ ಬೀಳಿಸಿದ್ದೆ, ಹಿಂಡಿದ್ದೆ, ತುಂಬಿದವುಗಳನ್ನು ಒಂದರ ಮೇಲೊಂದು ಪೇರಿಸಿದ್ದೆ. ಚಿಕ್ಕವಳಿದ್ದಾಗ ಅದೇ ನಲ್ಲಿಯಿಂದ ಬಿಸಿ ಬಾಟಲಿಗಳನ್ನು ಎದೆಗವಚಿಕೊಂಡು ಮನೆಗೆ ತಂದವಳು ನಾನು. ಆದರೂ ಬಿಸಿನೀರು ತುಂಬಿ ಮುಚ್ಚಳ ಬಿಗಿಮಾಡಿ ನೋಡಬೇಕೆಂದು ಹೊಳೆದಿರಲಿಲ್ಲ.

"ಮುಚ್ಚಳ ಸ್ವಲ್ಪ ಸಡಿಲ ಬಿಡು ಚಿಕ್ಕಮ್ಮ. ತಣಿದ ಮೇಲೆ ಬಿಗಿ ಮಾಡು."

"ಸತ್ವ?"

"ಸತ್ವ ಎಲ್ಲೂ ಹೋಗಲ್ಲ."

ಅವಳು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಬನಿತ್ಸಾಕ್ಕೆ ಫೋರ್ಕು ಹಾಕಿದೆ.

ಕಾರ್ಖಾನೆಗೆ ಹೋದಾಗ ಮುಖ್ಯ ಎಂಜಿನಿಯರ್ ಪ್ರೊದಾನೊವ್ ಅವರ ಮೇಜಿನ ತುಂಬ ಅಂಥವೇ ಬಾಟಲಿಗಳಿದ್ದವು. ಕೆಲವು ನಡುವಿನಲ್ಲಿ ಹಿಸುಕಿಹೋಗಿದ್ದವು, ಕೆಲವು ತಿರುಚಿಕೊಂಡಿದ್ದವು. ಒಂದಂತೂ ತಲೆ ತಗ್ಗಿಸಿ ಅಳುವವರ ಹಾಗೆ ಬಾಗಿತ್ತು. ಅಂಗಡಿಯವರು ಕಳಿಸಿದ್ದರು. ಬಾಟಲಿ ಊದುವ ಯಂತ್ರ ನಡೆಸುವ ಯಾವೋರ್ ಬಾಗಿಲಿಗೆ ಒರಗಿ ನಿಂತಿದ್ದ.

"ಇದು ಕಾರ್ಖಾನೆನಾ, ಆಸ್ಪತ್ರೆನಾ?" ಎಂದರು ಪ್ರೊದಾನೊವ್.

"ವಾರ್ಡ್ ಫುಲ್ ಆಗಿದೆ ಎಂಜಿನಿಯರ್ರೇ," ಅಂದ ಯಾವೋರ್. "ಇನ್ನು ಬರೋರನ್ನ ವರಾಂಡದಲ್ಲಿ ಮಲಗಿಸ್ಬೇಕು."

"ನಾವು ಮಾರೋದು ತಣ್ಣೀರು," ಎಂದೆ. "ಖಾಲಿ ಬಾಟಲಿಗೆ ಅವರು ಏನು ತುಂಬಿಸ್ತಾರೋ ಅದಕ್ಕೆ ನಾವು..."

"ಹೋಗಿ ನಲ್ಲಿ ಹತ್ರ ನಿಂತ್ಕೊಂಡು ಇದನ್ನೇ ಹೇಳು. ನಾನು ದೂರದಿಂದ ನೋಡ್ತೀನಿ." ಅವರು ಅಳುವ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ನಮ್ಮ ಊರಿನವರೇ ನಮ್ಮ ಬಾಟಲಿ ನೋಡಿ ನಗ್ತಿದಾರೆ. ತಿಂಗಳ ಕೊನೆಗೆ ಹಳೇ ಅಚ್ಚುಗಳನ್ನ ವಾಪಸ್ ಹಾಕಿಸ್ತೀನಿ."

"ಸ್ವಲ್ಪ ದಪ್ಪ ಮಾಡಿದ್ರೆ?"

ಅವರು ಗದ್ದವನ್ನು ಮೇಲಕ್ಕೆತ್ತಿ ನಾಲಿಗೆ ಲೊಚಗುಟ್ಟಿದರು. ನಮ್ಮಲ್ಲಿ ಅದಕ್ಕಿಂತ ಗಟ್ಟಿಯಾದ 'ಇಲ್ಲ' ಇಲ್ಲ. "ದಪ್ಪ ಮಾಡೋದಾದ್ರೆ ಹಳೇದೇ ಇದೆಯಲ್ಲಮ್ಮ. ಹಗುರ ಇರ್ಬೇಕು, ನಿಲ್ಲಲೂಬೇಕು. ಆಗಲ್ಲ ಅಂದ್ರೆ ಬಿಡು, ನೀನು ಲೇಬಲ್ ಕೆಲಸ ನೋಡ್ಕೋ."

"ಲೇಬಲ್ ಒಳ್ಳೇದು," ಅಂದ ಯಾವೋರ್. "ಬಿದ್ರೂ ಸದ್ದಾಗಲ್ಲ."

ಯಾವೋರ್ ಕೆಟ್ಟವನಲ್ಲ. ಮುಂದಿನ ದಿನಗಳಲ್ಲಿ ನಾನು ಕೇಳಿದಾಗಲೆಲ್ಲ ತನ್ನ ಯಂತ್ರವನ್ನು ನಿಲ್ಲಿಸಿ ಜಾಗ ಮಾಡಿಕೊಟ್ಟ. ಬಾಟಲಿ ಹುಟ್ಟುವುದು ಬೆರಳುದ್ದದ, ದಪ್ಪ ಗೋಡೆಯ ಕೊಳವೆಯಾಗಿ. ಯಾವೋರ್ ಅವನ್ನು ಮರಿಗಳು ಎನ್ನುತ್ತಾನೆ. ಮರಿ ಕಾವಿನಲ್ಲಿ ಮೆತ್ತಗಾಗಿ ಅಚ್ಚಿನೊಳಗೆ ಹೋಗುತ್ತದೆ, ಒಂದು ಕಡ್ಡಿ ಅದನ್ನು ಕೆಳಕ್ಕೆ ಎಳೆಯುತ್ತದೆ, ಗಾಳಿ ಊದುತ್ತದೆ. ಅಚ್ಚು ಮುಚ್ಚಿ ತೆರೆಯುವ ನಡುವೆ ಒಂದು ಕ್ಷಣ ಯಂತ್ರದ ಎಲ್ಲ ಸದ್ದೂ ಅಡಗಿದಂತಾಗುತ್ತದೆ. ನಾನು ಈ ಕೆಲಸಕ್ಕೆ ಬಂದಿದ್ದೇ ಆ ಕ್ಷಣಕ್ಕಾಗಿಯೋ ಏನೋ.

ಏಣುಗಳನ್ನು ಆಳ ಮಾಡಿ ನೋಡಿದೆ. ಬಾಟಲಿ ಅಕಾರ್ಡಿಯನ್ನಿನ ಹಾಗೆ ಕುಳ್ಳಗಾಯಿತು. ಏಣುಗಳನ್ನು ಓರೆಯಾಗಿಸಿದೆ, ತಿರುಚಿಕೊಂಡಿತು. ಇನ್ನಷ್ಟು ಏಣು ಸೇರಿಸಿದೆ, ಒಂದು ಇಡೀ ಸಂಜೆ ತಡೆದುಕೊಂಡು ಕೊನೆಗೆ ದೊಡ್ಡ ಸದ್ದಿನೊಂದಿಗೆ ಒಳಕುಸಿಯಿತು. ಪಕ್ಕದ ಕೋಣೆಯ ಗುಮಾಸ್ತೆ ಚೀರಿಕೊಂಡಳು. ಎಷ್ಟು ಬಲವಾಗಿ ತಡೆಯುತ್ತಿತ್ತೋ ಅಷ್ಟು ಕೆಟ್ಟದಾಗಿ ಮುರಿಯುತ್ತಿತ್ತು.

ಆಮೇಲೆ ಕೆಲವು ಮಧ್ಯಾಹ್ನ ನಲ್ಲಿಯ ಬಳಿ ಹೋಗಿ ಕೂತೆ. ಪ್ರೊದಾನೊವ್ ಹೇಳಿದಂತೆ ಭಾಷಣ ಮಾಡಲು ಅಲ್ಲ. ಅಂಗಳಗಳಲ್ಲೆಲ್ಲ ಚಳಿಗಾಲಕ್ಕೆ ಕೂಡಿಡಲು ದೊಣ್ಣೆ ಮೆಣಸಿನಕಾಯಿ ಸುಡುವ ಕಾಲ. ಬೀದಿ ತುಂಬ ಸುಟ್ಟ ಸಿಪ್ಪೆಯ ಸಿಹಿ ಹೊಗೆ. ಸಾಲಿನಲ್ಲಿ ನಿಂತವರು ಮೊದಲು ಹರಟುತ್ತಾರೆ. ತಮ್ಮ ಸರದಿ ಬಂದು ಬಾಟಲಿಯನ್ನು ನೀರಿಗೆ ಹಿಡಿದ ಕೂಡಲೇ ಸುಮ್ಮನಾಗುತ್ತಾರೆ. ನೀರು ತುಂಬುವ ಸದ್ದು ತೆಳ್ಳಗಾಗುತ್ತ ಮೇಲೇರುವವರೆಗೂ ಯಾರೂ ಮಾತಾಡುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದೇ. ಆದರೆ ಆ ಮೌನದಲ್ಲಿ ಜನರ ಕೈಗಳು ಏನು ಮಾಡುತ್ತವೆಂದು ಆಗಲೇ ಗಮನಿಸಿದ್ದು. ಬಾಟಲಿಯ ಕುತ್ತಿಗೆಯ ಕೆಳಗೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳುಗಳು ಇನ್ನೊಂದು ಕಡೆ. ನನ್ನ ಏಣುಗಳಿರುವ ಜಾಗವನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ.

"ಏನಮ್ಮ, ಲೆಕ್ಕ ತಗೊಳ್ಳೋಕೆ ಕಳಿಸಿದ್ರಾ?" ಎಂದ ಮಿತ್ಯೋ ಮಾಮ. ಸ್ನಾನಗೃಹದ ಹಳೆಯ ಕಾವಲುಗಾರ ಅವನು. ಅವನ ಚೀಲದ ತುಂಬ ದಪ್ಪ ಹಳೆಯ ಬಾಟಲಿಗಳು. "ನಿನ್ನ ಬಾಟಲಿ ಒಂದಕ್ಕೆ ಆಗುತ್ತೆ ಬಿಡು."

"ಯಾವುದಕ್ಕೆ?"

"ಬೇಲಿ ಕಂಬಕ್ಕೆ ಬೋರಲು ಹಾಕೋಕೆ. ಗಾಳಿಗೆ ಪಟಪಟ ಅಂತಿದ್ರೆ ಹಕ್ಕಿ ಬರಲ್ಲ."

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಶ್ಚರ್ಯವೆಂದರೆ ಅಷ್ಟೇನೂ ನೋವಾಗಲಿಲ್ಲ. ಅಷ್ಟರಮಟ್ಟಿಗಾದರೂ ನನ್ನ ಬಾಟಲಿ ಊರಿನದಾಗಿತ್ತು.

ಮನೆಗೆ ಬಂದಾಗ ಗಿನ್ಕಾ ಚಿಕ್ಕಮ್ಮ ಅಡುಗೆಮನೆಯಲ್ಲಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಅವಳ ಬೆರಳ ಗೆಣ್ಣುಗಳು ಊದಿಕೊಂಡು ವರ್ಷಗಳಾದವು. ತುಂಬಿದ ಬಾಟಲಿ ಎತ್ತಲು ಎರಡೂ ಕೈ ಬೇಕು. ಆದರೆ ಆಗ ಒಂದೇ ಕೈಯಲ್ಲಿ ಬಗ್ಗಿಸುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ನನ್ನ ಬಾಟಲಿ, ಸೊಂಟ ಮುರಿದುಕೊಂಡ ಮಗಳು.

"ಅದನ್ನ ಎಸೀಲಿಲ್ವಾ?"

"ಯಾಕೆ ಎಸೀಲಿ? ನಿಲ್ಲಲ್ಲ ಅಷ್ಟೇ. ಗೋಡೆಗೆ ಒರಗಿಸಿದ್ರಾಯ್ತು." ಅವಳು ಮತ್ತೆ ಬಗ್ಗಿಸಿದಳು. "ಈ ಗುಳಿ ಬಿದ್ದಿದೆಯಲ್ಲ, ಇಲ್ಲಿ ಹೆಬ್ಬೆರಳು ಸರಿಯಾಗಿ ಕೂರುತ್ತೆ. ಜಾರಲ್ಲ. ಹಳೇದು ದಪ್ಪಗೆ, ನುಣ್ಣಗೆ, ಹಂದಿಮರಿ ಹಿಡಿದ ಹಾಗಿರ್ತಿತ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೊಗಳಿದ್ರೆ ನಿನ್ನ ತಲೆ ನಿಲ್ಲಲ್ಲ. ಬಾಟಲಿ ಥರ."

ನಾನು ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಕುಸಿತ ಎಲ್ಲೆಲ್ಲೋ ಆಗಿರಲಿಲ್ಲ. ಭುಜದ ಕೆಳಗೆ ಮೂರು ಕಡೆ ಒಳಹೋಗಿತ್ತು. ಎರಡು ಚಿಕ್ಕದಾಗಿ, ಒಂದು ಅತಿಯಾಗಿ. ಆ ಒಂದು ಮಿಕ್ಕೆರಡರ ಪಾಲನ್ನೂ ನುಂಗಿದ್ದರಿಂದಲೇ ಬಾಟಲಿ ವಾಲಿತ್ತು. ಪ್ರೊದಾನೊವ್ ಅವರ ಮೇಜಿನ ಬಾಟಲಿಗಳನ್ನು ನೆನಪಿಸಿಕೊಂಡೆ. ಅವುಗಳಲ್ಲೂ ಕುಸಿತ ಶುರುವಾಗಿದ್ದು ಹೆಚ್ಚುಕಡಿಮೆ ಇಲ್ಲಿಂದಲೇ. ನಾನು ಇಷ್ಟು ದಿನವೂ ಅದು ಸೋಲದಂತೆ ಮಾಡಲು ಹೆಣಗಿದ್ದೆ. ಎಲ್ಲಿ ಸೋಲಬೇಕೆಂದು ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಭುಜದ ಕೆಳಗೆ, ಹೆಬ್ಬೆರಳು ಕೂರುವ ಎತ್ತರದಲ್ಲಿ, ಮೈಸುತ್ತ ಸಮನಾಗಿ ಮೂರು ಮೊಟ್ಟೆಯಾಕಾರದ ಉಬ್ಬುಗಳನ್ನು ನಕ್ಷೆಯಲ್ಲಿ ಬರೆದೆ. ಹೊರಕ್ಕೆ ತುಸುವೇ ಎದ್ದ, ಸುತ್ತ ಏಣಿನ ಅಂಚಿರುವ ಉಬ್ಬುಗಳು. ನೀರು ಕುಗ್ಗಿದಾಗ ಆ ಮೂರೂ ಒಳಕ್ಕೆ ಮಡಚಿಕೊಂಡು ತಗ್ಗಾಗಬೇಕು, ಉಳಿದ ಮೈ ಅಲುಗಬಾರದು. ಮರಿ ಅದೇ, ತೂಕ ಅದೇ. ಒಂದು ಅಚ್ಚಿಗೆ ಮಾತ್ರ ಈ ಆಕಾರದ ಒಳತುಂಡುಗಳನ್ನು ಕೊರೆಸಿದೆವು. ಯಾವೋರ್ ಮೊದಲ ಬಾಟಲಿಯನ್ನು ತಕ್ಕಡಿಗಿಟ್ಟು, ಆಮೇಲೆ ಕಿವಿಗೆ ಹಿಡಿದು ಗಂಭೀರವಾಗಿ ಕೇಳಿಸಿಕೊಂಡ.

"ಏನಂತೆ?"

"ಲೇಬಲ್ ಮಾಡೋಕೆ ಇಷ್ಟ ಇಲ್ವಂತೆ."

ಪ್ರೊದಾನೊವ್ ಪ್ರಯೋಗಾಲಯದ ಫಲಿತಾಂಶಗಳನ್ನು ಓದಲು ಒಪ್ಪಲಿಲ್ಲ. "ಹೋದ ಸಲಾನೂ ಕಾಗದದಲ್ಲಿ ಎಲ್ಲ ನಿಂತಿತ್ತು," ಎಂದರು. "ನಿಮ್ಮ ಚಿಕ್ಕಮ್ಮ ತುಂಬಿಸ್ಲಿ, ಅವರ ಮನೇಲೇ ಇಡ್ಲಿ. ನಾನೇ ಬಂದು ನೋಡ್ತೀನಿ. ನಿಂತ್ರೆ ನಿನ್ನದು. ಬಿದ್ರೆ ಸೋಮವಾರ ಹಳೇ ಅಚ್ಚು."

ಶನಿವಾರ ಮಧ್ಯಾಹ್ನ ಚಿಕ್ಕಮ್ಮ ನಲ್ಲಿಯಿಂದ ಹೊಸ ಬಾಟಲಿ ತುಂಬಿಸಿ ತಂದಳು. ಹಬೆ ಆಡುತ್ತಿರುವಾಗಲೇ ಮುಚ್ಚಳ ತಿರುಗಿಸಿದ್ದಳು. ಸಾಲದೆಂದು ಮಿತ್ಯೋ ಮಾಮನ ಕೈಯಲ್ಲಿ ಇನ್ನೊಮ್ಮೆ ಬಿಗಿಮಾಡಿಸಿದ್ದಳಂತೆ. ಅದನ್ನು ತಣ್ಣನೆಯ ಗಾಳಿ ಬರುವ ಕಿಟಕಿಯ ಹಲಗೆಯ ಮೇಲಿಟ್ಟಳು. ಪ್ರೊದಾನೊವ್ ಬಂದರು. ಕೋಟು ಕಳಚುವ ಮೊದಲೇ ಅವರ ಮುಂದೆ ಒಂದು ಚಾಕು, ಒಂದು ಬೋಗುಣಿ ಸುಟ್ಟ ಮೆಣಸಿನಕಾಯಿ ಬಂತು.

"ಸುಮ್ನೆ ಕೂರೋರಿಗೆ ನಮ್ಮನೇಲಿ ಜಾಗ ಇಲ್ಲ ಎಂಜಿನಿಯರ್ರೇ. ಸಿಪ್ಪೆ ತೆಗೀರಿ."

ಮೂವರೂ ಸಿಪ್ಪೆ ತೆಗೆದೆವು. ಬೆರಳುಗಳು ಕಪ್ಪಾದವು. ಮೊದಲು ಚಿಕ್ಕಮ್ಮ ಬೀದಿಯ ಸುದ್ದಿಯನ್ನೆಲ್ಲ ಹೇಳಿದಳು. ಆಮೇಲೆ ಸುದ್ದಿ ಮುಗಿಯಿತು. ಹೊರಗೆ ಬೆಳಕು ಇಳಿಯುತ್ತಿತ್ತು. ನಾನು ಬಾಟಲಿಯ ಕಡೆ ನೋಡಬಾರದೆಂದು ಮೆಣಸಿನಕಾಯಿಯನ್ನೇ ನೋಡುತ್ತಿದ್ದೆ.

ಟಕ್.

ಮೂವರ ಚಾಕುಗಳೂ ನಿಂತವು. ಕಿಟಕಿಯ ಕಡೆಗಿದ್ದ ಉಬ್ಬು ಒಳಕ್ಕೆ ಹೋಗಿತ್ತು. ಬಾಟಲಿ ನೆಟ್ಟಗೇ ಇತ್ತು.

"ಬಿತ್ತಾ?" ಎಂದಳು ಚಿಕ್ಕಮ್ಮ.

"ಇಲ್ಲ," ಎಂದೆ. "ಒಂದಾಯ್ತು. ಇನ್ನೆರಡಿದೆ."

ಎರಡನೆಯದು ಬೇಗ ಬಂತು. ಮೂರನೆಯದು ಬರಲಿಲ್ಲ. ಮೂರನೆಯದು ಬರದಿದ್ದರೆ ಮೊದಲೆರಡು ಅದರ ಪಾಲನ್ನೂ ಹೊರಬೇಕು. ಆಗ ಬಾಟಲಿ ವಾಲುತ್ತದೆ. ಪ್ರೊದಾನೊವ್ ಅವರಿಗೂ ಅದು ಗೊತ್ತಿತ್ತು. ಅವರು ಕಾಳಿನಷ್ಟು ಸಿಪ್ಪೆಯನ್ನು ಬಹಳ ಹೊತ್ತು ಬಿಡಿಸುತ್ತ ಕೂತರು. ನಲ್ಲಿಯ ಸಾಲಿನಲ್ಲಿರುವಂಥದೇ ಮೌನ ಅಡುಗೆಮನೆಯನ್ನು ತುಂಬುತ್ತ ಮೇಲೇರಿತು.

"ಮೂರನೇದು ನಿದ್ದೆ ಹೋಯ್ತೇನೋ," ಎಂದು ಪಿಸುಗುಟ್ಟಿದಳು ಚಿಕ್ಕಮ್ಮ.

ಟಕ್.

ಬಾಟಲಿ ಹಲಗೆಯ ಮೇಲೆ ಕೂದಲೆಳೆಯಷ್ಟು ಅಲುಗಿ ನಿಂತಿತು. ಪ್ರೊದಾನೊವ್ ಎದ್ದು ಕೈ ಒರೆಸಿಕೊಂಡು ಅದನ್ನು ಒಂದೇ ಕೈಯಲ್ಲಿ ಎತ್ತಿದರು. ಹೆಬ್ಬೆರಳು ತಾನಾಗಿ ತಗ್ಗಿನಲ್ಲಿ ಕೂತಿತು. ಅವರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯಲಿಲ್ಲ. ಬಾಟಲಿಯನ್ನು ಮತ್ತೆ ಹಲಗೆಯ ಮೇಲಿಟ್ಟು ಕೈ ಬಿಟ್ಟರು. ನಿಂತಿತು. ನನ್ನ ಕಡೆ ತಿರುಗಿ ತಲೆಯನ್ನು ಅತ್ತಿಂದಿತ್ತ ಆಡಿಸಿದರು. ನಮ್ಮಲ್ಲಿ ಅದರರ್ಥ 'ಹೌದು'.

"ಉಳಿದ ಅಚ್ಚುಗಳಿಗೂ ಕೊರೆಸು," ಎಂದರು.

ಚಿಕ್ಕಮ್ಮ ಬೋಗುಣಿಯನ್ನು ಅವರ ಕಡೆಗೆ ಸರಿಸಿದಳು. "ಇನ್ನೂ ಅರ್ಧ ಇದೆ, ಎಲ್ಲಿಗೆ ಎದ್ರಿ?"

ಅವರು ಕೂತರು. ನಾನೂ ಚಾಕು ಎತ್ತಿಕೊಂಡೆ. ಸಿಪ್ಪೆ ಸುಲಭವಾಗಿ ಬಿಡುತ್ತಿತ್ತು. ದೀಪ ಹಾಕಬೇಕೆಂದು ಯಾರಿಗೂ ಅನ್ನಿಸಲಿಲ್ಲ.