ಒಂದು ಕಲ್ಲಿನ ವೀಕ್ಷಕ ವಿವರಣೆ

ಗೊತ್ತಿದ್ದೇ ಬಂದಿದ್ದಾನೆಯೇ? ಗೊತ್ತಿದ್ದವನು ಹೀಗೆ ನಗಬಲ್ಲನೇ? ಗೊತ್ತಿಲ್ಲದವನಿಗೆ ಇಷ್ಟು ನಗುವ ಅಗತ್ಯವಾದರೂ ಏನು? ಪಕ್ಕದ ಕುರ್ಚಿಯಲ್ಲಿ ಕೂತು ಹೆಡ್‌ಫೋನನ್ನು ಬೋಳುತಲೆಗೆ ಸರಿಹೊಂದಿಸಿಕೊಳ್ಳುತ್ತಿದ್ದ ಇಂಗ್ವೆಯನ್ನು ಟೋರ್ಕೆಲ್ ಓರೆಗಣ್ಣಿನಿಂದ ನೋಡಿದ.

ವಿವರಣೆಕಾರರ ಕೋಣೆಯ ಗಾಜಿನ ಕೆಳಗೆ, ಸುಂಡ್ಸ್ವಾಲ್ ಎಂಬ ಉತ್ತರದ ಊರಿನ ಮಂಜುಗಡ್ಡೆಯ ಅಂಕಣ ಬೆಳ್ಳಗೆ ಹಾಸಿಕೊಂಡಿತ್ತು. ಭಾರದ ಕಲ್ಲನ್ನು ಮಂಜಿನ ಮೇಲೆ ಗುರಿವೃತ್ತಕ್ಕೆ ಜಾರಿಸುವ ಕರ್ಲಿಂಗ್ ಆಟದ ಮಹಿಳೆಯರ ಫೈನಲ್ ಶುರುವಾಗಲು ಇನ್ನು ಹತ್ತು ನಿಮಿಷ. ಟೋರ್ಕೆಲ್ ಜೊತೆ ಟಿವಿಗೆ ವಿವರಣೆ ಕೊಡಬೇಕಿದ್ದವಳಿಗೆ ಜ್ವರ ಬಂದಿತ್ತು. ನಿರ್ಮಾಪಕಿ ಟೂವೆ ಬೆಳಿಗ್ಗೆ ಫೋನ್ ಮಾಡಿ, "ಅದೃಷ್ಟ ನೋಡು, ಅದೇ ಊರಲ್ಲಿ ಒಬ್ಬ ಸಿಕ್ಕಿದ. ನಿನ್ನ ಹಳೇ ಎದುರಾಳಿ ಇಂಗ್ವೆ" ಎಂದಿದ್ದಳು.

"ನೀನು ಅವನನ್ನ ಕೇಳಿದೆಯಾ, ಅವನೇ ನಿನ್ನನ್ನ ಕೇಳಿದನಾ?"

"ಯಾರು ಯಾರನ್ನ ಕೇಳಿದ್ರೇನೋ? ಮಾತಾಡೋಕೆ ಒಬ್ಬ ಬೇಕು, ಅಷ್ಟೇ."

ಇಪ್ಪತ್ತೇಳು ವರ್ಷಗಳ ಹಿಂದೆ, ಇದೇ ಅಂಕಣದಲ್ಲಿ, ರಾಷ್ಟ್ರೀಯ ಫೈನಲ್‌ನ ಕೊನೆಯ ಕಲ್ಲು ಜಾರಿ ಬರುತ್ತಿತ್ತು. ಟೋರ್ಕೆಲ್ ಅದರ ಮುಂದೆ ಕಲ್ಲು ಇನ್ನಷ್ಟು ದೂರ ಜಾರಲೆಂದು ಪೊರಕೆಯಿಂದ ಮಂಜನ್ನು ಉಜ್ಜುತ್ತ ಓಡುತ್ತಿದ್ದ. ಗುರಿವೃತ್ತದ ಹಿಂದೆ ನಿಂತು ಕಾಯುತ್ತಿದ್ದವನು ಎದುರು ತಂಡದ ನಾಯಕ ಇಂಗ್ವೆ. ಕಲ್ಲು ನಿಲ್ಲಲು ಒಂದು ಗೇಣು ಇದ್ದಾಗ ಟೋರ್ಕೆಲ್‌ನ ಪೊರಕೆ ಅದಕ್ಕೆ ತಗುಲಿತು. ಬೆಕ್ಕು ಕಾಲಿಗೆ ಮೈ ಸವರಿ ಹೋದಷ್ಟು ಹಗುರ. ಕಲ್ಲಿಗೆ ಪೊರಕೆ ತಗುಲುವುದು ತಪ್ಪು, ಆದರೆ ಅದನ್ನು ಎದುರಾಳಿ ಬೊಟ್ಟುಮಾಡಿ ತೋರಿಸುವುದು ಈ ಆಟದಲ್ಲಿ ಮರ್ಯಾದೆಯಲ್ಲ. ತಗುಲಿಸಿದವನೇ ಕೈ ಎತ್ತಿ ಹೇಳಬೇಕು. ಹೇಳಿದ್ದರೆ ಆ ಕಲ್ಲನ್ನು ಉಳಿಸುವುದೋ ತೆಗೆಯುವುದೋ ಇಂಗ್ವೆಯ ಇಷ್ಟವಾಗಿರುತ್ತಿತ್ತು. ಟೋರ್ಕೆಲ್ ಕೈ ಎತ್ತಲಿಲ್ಲ. ಎರಡು ಬೆರಳಿನ ಅಂತರದಲ್ಲಿ ಅವನ ತಂಡದವರು ಗೆದ್ದರು, ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದರು. ಅಲ್ಲಿ ಟಿವಿಯವರಿಗೆ ಅವನ ಮಾತು ಹಿಡಿಸಿತು, ಅವನು ವೀಕ್ಷಕ ವಿವರಣೆಗಾರನಾದ. ಇಂಗ್ವೆ ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತ ಉಳಿದ.

ಅಂದು ಪಂದ್ಯ ಮುಗಿದ ಮೇಲೆ ರೂಢಿಯಂತೆ ಗೆದ್ದವರು ಸೋತವರಿಗೆ ಬಿಯರ್ ತಂದುಕೊಟ್ಟಿದ್ದರು. ಇಂಗ್ವೆ ಲೋಟ ಹಿಡಿದುಕೊಂಡಿದ್ದ, ಕುಡಿದಿರಲಿಲ್ಲ. ಅಥವಾ ಕುಡಿದಿದ್ದನೋ? ಆ ಲೋಟವನ್ನು ಟೋರ್ಕೆಲ್ ಎಷ್ಟು ಸಲ ನೆನೆದಿದ್ದನೆಂದರೆ, ಈಗ ಅದರಲ್ಲಿ ಬಿಯರ್ ಎಷ್ಟಿತ್ತೆಂಬುದೇ ಖಾತ್ರಿಯಿರಲಿಲ್ಲ.

"ನನ್ನ ಹೆಂಡ್ತಿಗೆ ನಿನ್ನ ಧ್ವನಿ ಅಂದ್ರೆ ಪ್ರಾಣ ಕಣೋ," ಎಂದ ಇಂಗ್ವೆ ಈಗ, ಹೆಡ್‌ಫೋನ್ ಸರಿಯಾಗಿ ಕೂತ ಮೇಲೆ. "ನೀನು ಶುರು ಮಾಡಿದ ಐದು ನಿಮಿಷಕ್ಕೆ ಗೊರಕೆ. ನಂಬಿಕೆ ಬರೋ ಧ್ವನಿ ಅಂತಾಳೆ."

"ನೀನೂ ನೋಡ್ತೀಯಾ?"

ಇಂಗ್ವೆ, ಈ ಉತ್ತರದ ಊರುಗಳವರು ಹೌದೆನ್ನಲು ಮಾಡುವಂತೆ, ತುಟಿ ಚೂಪು ಮಾಡಿ ಗಾಳಿಯನ್ನು ಸುಯ್ಯೆಂದು ಒಳಗೆಳೆದುಕೊಂಡ. ಹೆಂಡತಿ ಧ್ವನಿಯ ಬಗ್ಗೆ ಬೇರೆ ಏನೂ ಹೇಳಲಿಲ್ಲವೇ? ನಂಬಿಕೆ ಎಂಬ ಪದವೇ ಯಾಕೆ?

ಪಂದ್ಯ ಸಮಬಲದಲ್ಲಿ ಸಾಗಿತು. ಇಂಗ್ವೆ ಚೆನ್ನಾಗಿಯೇ ಮಾತಾಡಿದ, ನಗಿಸಿದ. ಒಂಬತ್ತನೇ ಸರದಿಯಲ್ಲಿ, ಒಳ್ಳೆಯ ಕಲ್ಲೊಂದು ಗುರಿಯತ್ತ ಬರುತ್ತಿದ್ದಾಗ, ಅದರ ಮುಂದೆ ಉಜ್ಜುತ್ತಿದ್ದ ಟೀರಾ ಎಂಬ ಹುಡುಗಿ ಥಟ್ಟನೆ ನಿಂತು ಕೈ ಎತ್ತಿದಳು. ಪೊರಕೆ ತೋರಿಸಿದಳು, ಕಲ್ಲು ತೋರಿಸಿದಳು. ಎದುರು ತಂಡದ ನಾಯಕಿ ತಲೆಯಾಡಿಸಿ ಆ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

ಟೋರ್ಕೆಲ್‌ನ ಬಾಯಿ ತೆರೆದಿತ್ತು.

"ಟೋರ್ಕೆಲ್, ಏನಾಯ್ತು?" ಕಿವಿಯಲ್ಲಿ ಟೂವೆ. "ಮೈಕ್ ಹೋಯ್ತಾ? ಮಾತಾಡೋ ಮಾರಾಯ!"

ಇಂಗ್ವೆ ಮೈಕಿನತ್ತ ಬಾಗಿದ. "ನಾನಂತೂ ನೋಡ್ಲಿಲ್ಲ. ಕ್ಯಾಮೆರಾದಲ್ಲೂ ಕಾಣ್ಲಿಲ್ಲ. ಅವಳೊಬ್ಬಳಿಗೇ ಗೊತ್ತಿತ್ತು, ಹೇಳಿಬಿಟ್ಟಳು." ಟೋರ್ಕೆಲ್‌ನ ಕಡೆ ಅವನು ತಿರುಗಲಿಲ್ಲ. ಬೇಕೆಂದೇ ತಿರುಗಲಿಲ್ಲವೆಂದು ಟೋರ್ಕೆಲ್‌ಗೆ ಅನ್ನಿಸಿತು.

ಟೀರಾಳ ತಂಡ ಸೋತಿತು. ಕೆಳಗಿನ ಕೆಫೆಯಲ್ಲಿ ಇಂಗ್ವೆ ಎರಡು ಲೋಟ ಕಾಫಿ, ಏಲಕ್ಕಿ ಬನ್ನು ಹಿಡಿದು ಬಂದ.

"ನಾನು ತರಬೇಕಿತ್ತು," ಎಂದ ಟೋರ್ಕೆಲ್.

"ಬಿಟ್ಟಿ ಕಾಫಿ ಕಣೋ, ಟಿವಿಯವರದ್ದು. ಕುಡಿ." ಇಂಗ್ವೆ ಬನ್ನನ್ನು ಮುರಿಯತೊಡಗಿದ, ತಿನ್ನಲಿಲ್ಲ. "ನಿನ್ನ ಹತ್ರ ಒಂದು ಕೇಳೋದಿತ್ತು. ಅದಕ್ಕೇ ಬಂದೆ. ನಿನ್ನ ಜೊತೆ ಮಾತಾಡೋಳಿಗೆ ಜ್ವರ ಅಂತ ಗೊತ್ತಾದಾಗ ಟೂವೆಗೆ ನಾನೇ ಫೋನ್ ಮಾಡಿದೆ."

ಬಂತು, ಎಂದುಕೊಂಡ ಟೋರ್ಕೆಲ್. ವಿಚಿತ್ರವೆಂದರೆ ಎದೆ ಹಗುರಾಯಿತು. ಕೇಳಲಿ. ಕೇಳಿದರೆ ಹೌದೆಂದು ಹೇಳಿಬಿಡುವುದು.

"ಆವತ್ತು ಕೊನೇ ಕಲ್ಲು ಬರ್ತಿದ್ದಾಗ..." ಇಂಗ್ವೆ ಸುತ್ತ ನೋಡಿ ದನಿ ತಗ್ಗಿಸಿದ. "ನಾನು ಕಣ್ಣು ಮುಚ್ಕೊಂಡುಬಿಟ್ಟಿದ್ದೆ. ನಾಯಕ ಅಂತ ನಿಂತವನು, ಕಣ್ಣು ಮುಚ್ಕೊಂಡು! ನಮ್ಮ ತಂಡದವರಿಗೆ ಇವತ್ತಿನವರೆಗೂ ಹೇಳಿಲ್ಲ, ನಾಚಿಕೆ. ಕಣ್ಣು ಬಿಟ್ಟಾಗ ನೀವು ತಬ್ಬಿಕೊಂಡು ಕುಣೀತಿದ್ರಿ. ಆ ಪಂದ್ಯ ಟಿವಿಯಲ್ಲೂ ಬರಲಿಲ್ಲ. ನಿನಗಿಂತ ಹತ್ರ ಯಾರೂ ಇರ್ಲಿಲ್ಲ ನೋಡು. ಹೇಗೆ ಬಂತೋ ಅದು? ಟಿವಿಯಲ್ಲಿ ಹೇಳ್ತೀಯಲ್ಲ, ಹಾಗೇ ಹೇಳು."

ಟೋರ್ಕೆಲ್ ಅವನ ಮುಖವನ್ನು ದಿಟ್ಟಿಸಿದ. ತಿಳಿನೀಲಿ ಕಣ್ಣುಗಳು, ರೆಪ್ಪೆಯ ಅಂಚಿನಲ್ಲಿ ಮುದಿತನದ ನೀರು. ನಿಜ ಹೇಳುತ್ತಿದ್ದಾನೆಯೇ? ಅಥವಾ ಎಲ್ಲ ನೋಡಿದ್ದೂ, ನೋಡಿಲ್ಲವೆಂದು ಹೇಳಿ ಬಾಗಿಲು ತೆರೆದು ಕಾಯುತ್ತಿದ್ದಾನೆಯೇ? ಆ ಕಣ್ಣುಗಳಲ್ಲಿ ಏನೂ ಸಿಗಲಿಲ್ಲ.

ಟೋರ್ಕೆಲ್ ಗಂಟಲು ಸರಿಮಾಡಿಕೊಂಡ. ಕಲ್ಲು ಕೈಬಿಟ್ಟಾಗ ಕೊಂಚ ನಿಧಾನವಿತ್ತು ಎಂದ. ಅರ್ಧ ದಾರಿಗೆ ಬಂದಾಗ ತನ್ನ ನಾಯಕ ಉಜ್ಜಿ ಉಜ್ಜಿ ಎಂದು ಕೂಗಿದ್ದು, ಭುಜ ಉರಿದದ್ದು, ದಾರಿಗೆ ಅಡ್ಡವಿದ್ದ ಕಾವಲು ಕಲ್ಲನ್ನು ಕೂದಲೆಳೆಯಲ್ಲಿ ದಾಟಿ ಆ ಕಲ್ಲು ಎಡಕ್ಕೆ ಬಾಗಿದ್ದು, ಕೆಂಪು ವೃತ್ತದೊಳಗೆ ಬಂದು ಕೊನೆಯ ಸುತ್ತು ಸುತ್ತಿ ನಿಂತದ್ದು. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ಆ ಧ್ವನಿಗೆ ತಿರುಗಿದರು. ಇಂಗ್ವೆ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ.

"ಅಷ್ಟೇನಾ?" ಎಂದ.

"ಅಷ್ಟೇ."

"ಒಳ್ಳೇ ಕಲ್ಲು ಹಾಗಾದ್ರೆ," ಎಂದು ಇಂಗ್ವೆ ಗಾಳಿ ಒಳಗೆಳೆದುಕೊಂಡ.

ಪೊರಕೆ ತಗುಲಿತ್ತೆಂದು ಟೋರ್ಕೆಲ್ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.